ಹಸಿರು ಪಿಕಪ್ಪನ್ನು ನೋಡದೆಯೇ ಕೊಂಡವನು

ನಮ್ಮ ಪುಟ್ಟ ಊರು ಡುಬ್ರಾವಾದಲ್ಲಿ ಏನನ್ನಾದರೂ ಮಾರಬೇಕೆಂದರೆ ಮೊದಲೆಲ್ಲ ಕಷ್ಟವೇ ಇರಲಿಲ್ಲ. ವಸ್ತುವನ್ನು ಮನೆಯ ಮುಂದಿನ ಹುಲ್ಲಿನ ಮೇಲೆ ತಂದು ನಿಲ್ಲಿಸಿ, ರಟ್ಟಿನ ಮೇಲೆ ಬೆಲೆ ಬರೆದು ಒರಗಿಸಿದರೆ ಆಯಿತು. ಓಮಾಹಾ ನಗರಕ್ಕೆ ಹೋಗುವವರೆಲ್ಲ ಊರೊಳಗಿಂದಲೇ ಹಾಯಬೇಕಿತ್ತು. ಅವರಲ್ಲಿ ಯಾರಾದರೊಬ್ಬರು ಗಾಡಿ ನಿಲ್ಲಿಸಿ ಇಳಿಯುತ್ತಿದ್ದರು. ಈಗ ಹೆದ್ದಾರಿ ಊರಿನ ಹೊರಗೆ ಹೋಗಿದೆ. ನಮ್ಮ ಬೀದಿಯಲ್ಲಿ ಓಡಾಡುವುದು ಮೆಕ್ಕೆಜೋಳದ ಲಾರಿಗಳು, ಬಿಟ್ಟರೆ ನಾವು ನಾವೇ.

ಆರ್ಲಿಸ್ ಕ್ರುಪಿಕಾಳ ಹಸಿರು ಪಿಕಪ್ ಬೇಸಿಗೆಯಿಡೀ ಹೀಗೇ ಹುಲ್ಲಿನ ಮೇಲೆ ನಿಂತಿತ್ತು. ಅದು ಐವತ್ತಮೂರನೇ ಇಸವಿಯ ಶೆವರ್ಲೆ. ಅವಳಿಗೆ ಸಿಕ್ಕಾಗ ಧಾನ್ಯದ ಗೋದಾಮಿನ ಹಿಂದೆ ತುಕ್ಕು ಹಿಡಿದು ಬಿದ್ದಿತ್ತು. ಹಿಂಭಾಗದ ಹಲಗೆ ಸೀಳಿಕೊಂಡು ಒಂದು ಹಿಪ್ಪುನೇರಳೆ ಗಿಡ ಆಳೆತ್ತರ ಬೆಳೆದಿತ್ತು. ಆಗ ಆರ್ಲಿಸ್ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಗಿಡ ಕಡಿದು, ಗಾಡಿಯನ್ನು ಮನೆಗೆ ಎಳೆತಂದು, ದಿನಾ ಬಸ್ಸಿನ ಕೆಲಸ ಮುಗಿದ ಮೇಲೆ ಶೆಡ್ಡಿನಲ್ಲಿ ಕೂತು ಅದನ್ನು ಬಿಚ್ಚಿದಳು, ಉಜ್ಜಿದಳು, ಬೆಸುಗೆ ಹಾಕಿದಳು, ಹಿಂದಕ್ಕೆ ಹೊಸ ಓಕ್ ಹಲಗೆ ಕೂರಿಸಿದಳು, ಕಡುಹಸಿರು ಬಣ್ಣ ಹೊಡೆದಳು. ವರ್ಷಗಳೇ ಹಿಡಿದವು. ಎಂಜಿನ್ ಮೊದಲ ಸಲ ಗುಡುಗಿದಾಗ ಅವಳ ಗಂಡ ಲೀಲಂಡ್ ಅಡುಗೆಮನೆಯಿಂದ ಬರಿಗಾಲಲ್ಲಿ ಓಡಿಬಂದಿದ್ದ.

ಈಗ ಲೀಲಂಡ್ ಓಡಲಾರ. ಕಳೆದ ಚಳಿಗಾಲದಲ್ಲಿ ಲಕ್ವ ಹೊಡೆದು ಎಡಗೈ ಎಡಗಾಲು ಸೋತವು. ಮಾತು ಮಾತ್ರ ಮೊದಲಿಗಿಂತ ಚುರುಕಾಗಿದೆ ಅಂತ ಆರ್ಲಿಸ್ ಹೇಳುತ್ತಾಳೆ. ವಾರಕ್ಕೆರಡು ಸಲ ಪಕ್ಕದ ಊರಿನ ಆಸ್ಪತ್ರೆಗೆ ವ್ಯಾಯಾಮಕ್ಕೆ ಕರೆದೊಯ್ಯಬೇಕು. ಇರುವುದು ಪುಟ್ಟ ಕಾರು. ಗಾಲಿಕುರ್ಚಿಯಿಂದ ಅವನನ್ನು ಎತ್ತಿ ಕಾರಿನೊಳಗೆ ಕೂರಿಸುವಾಗ ಆರ್ಲಿಸಳ ಸೊಂಟ ಹಿಡಿದುಕೊಳ್ಳುತ್ತಿತ್ತು. ಒಂದು ದಿನ ಇಬ್ಬರೂ ಒಟ್ಟಿಗೆ ಅಂಗಳದಲ್ಲಿ ಬಿದ್ದರು. ಎದುರುಮನೆಯ ವಾಂಡಾ ಸೆಡ್ಲಾಚೆಕ್ ನೋಡಿ ಓಡಿಬರುವವರೆಗೆ ಹಾಗೇ ಬಿದ್ದಿದ್ದರು. ಅದು ಬೇಸಿಗೆ, ನೆಲ ಒಣಗಿತ್ತು. ಇನ್ನು ಹಿಮ ಬಿದ್ದರೆ?

ಕುರ್ಚಿ ಸಮೇತ ಒಳಗೆ ಹೋಗುವಂತೆ ಇಳಿಜಾರು ಹಲಗೆ ಇರುವ ಒಂದು ವ್ಯಾನು ಸ್ಯೂವರ್ಡ್ ಊರಿನ ಹಳೇ ಗಾಡಿ ಅಂಗಡಿಯಲ್ಲಿ ಬಂದಿತ್ತು. ಅದನ್ನು ಕೊಳ್ಳಬೇಕೆಂದರೆ ಹಸಿರು ಪಿಕಪ್ ಹೋಗಲೇಬೇಕು.

ಹುಲ್ಲಿನ ಮೇಲಿನ ಪಿಕಪ್ಪನ್ನು ನೋಡಲು ಜನ ಬರುತ್ತಿದ್ದರು. ಬಾನೆಟ್ ತಟ್ಟುತ್ತಿದ್ದರು. "ನಮ್ಮ ತಾತನ ಹತ್ರ ಇಂಥದ್ದೇ ಒಂದಿತ್ತು ನೋಡು" ಅಂತ ಕಥೆ ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಕೊಳ್ಳುವವರು ಮಾತ್ರ ಇಲ್ಲ. ಅಕ್ಟೋಬರ್ ಬಂತು. ಗಾಳಿ ತಣ್ಣಗಾಯಿತು. ಆರ್ಲಿಸ್ ಕೂತಲ್ಲಿ ಕೂರದಾದಳು. ಒಲೆಯ ಮೇಲೆ ಪಾತ್ರೆ ಇಟ್ಟು ಕಿಟಕಿಗೆ ಬರುವಳು, ಕಿಟಕಿಯಿಂದ ಅಂಗಳಕ್ಕೆ, ಅಂಗಳದಲ್ಲಿ ಹೊಳೆಯುತ್ತಿದ್ದ ಬಂಪರನ್ನೇ ಮತ್ತೆ ಒರೆಸುವಳು.

"ಫೋನಲ್ಲಿ ಜಾಹೀರಾತು ಹಾಕ್ತೀನಿ" ಅಂದಳು ಒಂದು ಬೆಳಿಗ್ಗೆ.

ಲೀಲಂಡ್ ನಕ್ಕ. "ಚಿತ್ರ ನೋಡಿ ಗಾಡಿ ತಗೊಳ್ಳೋನು ಯಾವನಿದ್ದಾನೆ? ಚಿತ್ರ ನೋಡಿ ಹೆಂಡ್ತೀನೂ ತಗೋಬಾರ್ದು."

"ನೀನು ನೋಡಿಯೇ ತಗೊಂಡೆ. ಏನು ಲಾಭ ಆಯ್ತು?"

"ನನಗಾಯ್ತು. ನಿನಗೇ ಆಗ್ಲಿಲ್ಲ."

ಆರ್ಲಿಸ್ ಜಾಹೀರಾತು ಹಾಕಿಯೇ ಬಿಟ್ಟಳು. ಒಂದೇ ಒಂದು ಚಿತ್ರ, ಅದೂ ಸಂಜೆ ಮಬ್ಬಿನಲ್ಲಿ ತೆಗೆದದ್ದು. ಹಿಂದೆ ಒಣಹಾಕಿದ್ದ ಲೀಲಂಡನ ಪೈಜಾಮ ಹಾರಾಡುತ್ತಿತ್ತು. ಕೆಳಗೆ ಬರೆದಳು: 'ಹಳೇ ಪಿಕಪ್, ಚೆನ್ನಾಗಿದೆ. ಗಂಡನಿಗೆ ಹುಷಾರಿಲ್ಲ, ತುರ್ತಾಗಿ ಮಾರಬೇಕು.' ಮನೆಯ ವಿಳಾಸವನ್ನೂ, ಫೋನ್ ನಂಬರನ್ನೂ ಹಾಕಿದಳು.

ಫೋನು ಟಿಣ್ ಟಿಣ್ ಅನ್ನತೊಡಗಿತು. 'ಇದೆಯಾ?' ಅಂತ ಕೇಳುವರು. 'ಇದೆ' ಅಂದರೆ ಮತ್ತೆ ಮಾತಿಲ್ಲ. ಒಬ್ಬ ಅರ್ಧ ಬೆಲೆಗೆ ಕೇಳಿದ. ಇನ್ನೊಬ್ಬ ತನ್ನ ತೂತು ಬಿದ್ದ ದೋಣಿ ಕೊಡುತ್ತೇನೆ, ಬದಲಿಗೆ ಪಿಕಪ್ ಕೊಡು ಅಂದ. ಮತ್ತೊಬ್ಬ ಬರೆದ: 'ಈಗ ಮೋಸಗಾರರು ಬಹಳ ಇದ್ದಾರೆ. ನೀವು ನಿಜವಾದ ಮನುಷ್ಯರೇ ಅಂತ ನನಗೆ ಖಾತ್ರಿಯಾಗಬೇಕು. ನಿಮ್ಮ ಫೋನಿಗೆ ಒಂದು ಓಟಿಪಿ ಕಳಿಸಿದ್ದೇನೆ, ಅದನ್ನು ನನಗೆ ಹೇಳಿ.'

ಆರ್ಲಿಸ್ ಕನ್ನಡಕ ಹಾಕಿಕೊಂಡು ಆ ಸಂಖ್ಯೆಯನ್ನು ಹುಡುಕುತ್ತಿದ್ದಾಗಲೇ ವಾಂಡಾ ಹಿಂಬಾಗಿಲಿಂದ ಒಳಗೆ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ, ಅದರಲ್ಲಿ ಬಿಸಿಬಿಸಿ ಕೊಲಾಚೆ. ಆ ಸಿಹಿ ಬನ್ನಿನ ನಡುವೆ ಏಪ್ರಿಕಾಟ್ ತುಂಬಿರುತ್ತದೆ, ಲೀಲಂಡನಿಗೆ ಪ್ರಾಣ.

"ಏನು ಮಾಡ್ತಿದ್ದೀಯ?"

"ಯಾರೋ ಪಾಪ, ನಾನು ಮೋಸಗಾರ್ತಿ ಇರಬಹುದು ಅಂತ ಹೆದರಿದ್ದಾನೆ. ನಂಬರ್ ಹೇಳಬೇಕಂತೆ."

ವಾಂಡಾ ತಟ್ಟೆಯನ್ನು ಲೀಲಂಡನ ತೊಡೆಯ ಮೇಲೆ ಇಟ್ಟವಳೇ ಫೋನನ್ನು ಕಿತ್ತುಕೊಂಡಳು. "ಹೇಳ್ಬೇಡ! ಆ ನಂಬರ್ ನಿನ್ನ ಮನೆಯ ಬೀಗದಕೈ ಇದ್ದ ಹಾಗೆ. ಅದನ್ನ ಕೊಟ್ರೆ ನಿನ್ನ ಹೆಸರಲ್ಲೇ, ನಿನ್ನ ಫೋನ್ ನಂಬರಲ್ಲೇ ಅವನು ಇನ್ನೊಬ್ಬರಿಗೆ ಟೋಪಿ ಹಾಕ್ತಾನೆ. ಯಾರು ಕೇಳಿದ್ರೂ ಕೊಡೋ ಹಾಗಿಲ್ಲ. ಬ್ಯಾಂಕಿನೋನು ಅಂದ್ರೂ ಅಷ್ಟೆ, ಪೊಲೀಸ್ ಅಂದ್ರೂ ಅಷ್ಟೆ."

"ಬಂದ್ಲಪ್ಪ ಪಾಠ ಹೇಳೋಕೆ" ಅಂದ ಲೀಲಂಡ್, ಬಾಯಿ ತುಂಬ ಕೊಲಾಚೆ ತುಂಬಿಕೊಂಡು.

ವಾಂಡಾ ಪಾಠ ಹೇಳುವುದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅವಳು ಕುದುರೆ ಸಾಗಿಸುವ ಗಾಡಿಯನ್ನು ಹೀಗೇ ಜಾಹೀರಾತು ಹಾಕಿ ಮಾರಿದ್ದಳು. ಕೊಂಡವನು ಚೆಕ್ ಕೊಟ್ಟ, ಗಾಡಿ ಕೊಂಡೊಯ್ದ. ಚೆಕ್ ಸುಳ್ಳು ಅಂತ ತಿಳಿಯುವ ಹೊತ್ತಿಗೆ ಗಾಡಿಯೂ ಇಲ್ಲ, ಅವನೂ ಇಲ್ಲ. ಅವಳು ನಾಚಿ ಮನೆಯಲ್ಲಿ ಕೂರಲಿಲ್ಲ. ಊರಿನ ಗ್ರಂಥಾಲಯದಲ್ಲಿ ಎಲ್ಲರ ಮುಂದೆ ನಿಂತು, "ನಾನು ಹೀಗೆ ಹಳ್ಳಕ್ಕೆ ಬಿದ್ದೆ, ನೀವು ಬೀಳಬೇಡಿ" ಅಂತ ಹೇಳಿದಳು.

ಅವತ್ತು ಅವಳು ಆರ್ಲಿಸಳ ಪಕ್ಕ ಕೂತು ಜಾಹೀರಾತನ್ನು ಮೊದಲಿಂದ ಬರೆಸಿದಳು.

"ಗಂಡನಿಗೆ ಹುಷಾರಿಲ್ಲ ಅನ್ನೋದನ್ನ ಮೊದಲು ತೆಗೆ. ನಿನ್ನ ಅವಸರ ಅವರಿಗೆ ಯಾಕೆ ಗೊತ್ತಾಗ್ಬೇಕು? ಮನೆ ವಿಳಾಸಾನೂ ತೆಗೆ. ಊರ ಹೆಸರು ಸಾಕು. ಫೋನ್ ನಂಬರೂ ಬೇಡ, ಬೇಕಾದೋರು ಅಲ್ಲೇ ಬರೀತಾರೆ."

"ಮತ್ತೆ ಏನು ಬರೀಲಿ?"

"ಗಾಡಿ ಬಗ್ಗೆ ಬರಿ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಬೆಳಗಿನ ಬಿಸಿಲಲ್ಲಿ ಪಿಕಪ್ಪನ್ನು ಬಯಲಿಗೆ ನಿಲ್ಲಿಸಿ, ಸುತ್ತಲೂ ಚಿತ್ರ ತೆಗೆದರು. ನಂಬರ್ ಪ್ಲೇಟಿನ ಮೇಲೆ ಬಟ್ಟೆ ಹಾಕಿದರು. ಎಂಜಿನ್, ಸೀಟು, ಓಕ್ ಹಲಗೆ, ಗಾಡಿಯ ಕೆಳಭಾಗ, ಎಲ್ಲವೂ ಬಂತು. ಬಲಗಡೆಯ ಮಡ್‌ಗಾರ್ಡಿನೊಳಗೆ ತುಕ್ಕಿನ ತೂತು ಮುಚ್ಚಲು ಲಪ್ಪ ತುಂಬಿದ್ದ ಜಾಗಕ್ಕೆ ಬಂದಾಗ ಆರ್ಲಿಸ್ ತಡೆದಳು.

"ಇದನ್ನೂ ತೋರಿಸ್ಬೇಕಾ?"

"ತೋರಿಸು. ನೀನು ಮುಚ್ಚಿಟ್ಟು, ಅವನು ಬಂದು ಕಂಡುಹಿಡಿದ್ರೆ ಉಳಿದದ್ದನ್ನೂ ನಂಬಲ್ಲ."

ಆರ್ಲಿಸ್ ಬರೆದಳು: ಆರು ಸಿಲಿಂಡರಿನ ಎಂಜಿನ್ ಮೂಲದ್ದೇ. ವೈರಿಂಗ್ ಮತ್ತು ಬ್ರೇಕು ಹೊಸದು. ಬಲ ಮಡ್‌ಗಾರ್ಡಿನಲ್ಲಿ ಲಪ್ಪ ಇದೆ. ಪೆಟ್ರೋಲಿನ ಮುಳ್ಳು ಸುಳ್ಳು ಹೇಳುತ್ತದೆ. ಎಡ ಬಾಗಿಲನ್ನು ಸ್ವಲ್ಪ ಎತ್ತಿ ಮುಚ್ಚಬೇಕು. ವೇಗವಾಗಿ ಓಡಿಸಿದರೆ ನಡುಗುತ್ತದೆ. ಬೆಲೆ ಇಪ್ಪತ್ತೆರಡು ಸಾವಿರ ಡಾಲರ್.

"ಮಾರೋಕೆ ಬರ್ದಿದ್ದೀಯೋ ದೂರು ಕೊಡೋಕೆ ಬರ್ದಿದ್ದೀಯೋ?" ಅಂದ ಲೀಲಂಡ್.

ಈ ಸಲ ಬಂದ ಸಂದೇಶಗಳು ಬೇರೆ ಥರ ಇದ್ದವು. ಗಾಡಿ ಬಲ್ಲವರು ಗಾಡಿಯ ಬಗ್ಗೆ ಕೇಳಿದರು. ಆದರೆ ಕೇಳಿ ಸುಮ್ಮನಾದವರೇ ಹೆಚ್ಚು. ಸ್ಯೂವರ್ಡಿನ ಅಂಗಡಿಯವನು ಫೋನು ಮಾಡಿ, ವ್ಯಾನನ್ನು ನೋಡಲು ಇನ್ನೊಬ್ಬರು ಬರುತ್ತಿದ್ದಾರೆ, ಬೇಗ ಹೇಳಿ ಅಂದ. ಲೀಲಂಡ್ ಈ ಫೋನಿನ ವ್ಯಾಪಾರ ಬೇಡ ಬೇಡ ಅನ್ನುತ್ತಲೇ ಹೆಂಡತಿಯ ಫೋನಿನ ಸದ್ದಿಗೆ ಕಿವಿ ನಿಮಿರಿಸುತ್ತಿದ್ದ. ಅಡುಗೆಮನೆಯ ಕೊನೆಯಿಂದ ಕೊನೆಗೆ ಕುರ್ಚಿಯನ್ನು ಉರುಳಿಸಿಕೊಂಡು ಹೋಗುವನು, ಬರುವನು.

"ಆ ಕಿರ್ ಕಿರ್ ನಿಲ್ಸು ಮಾರಾಯ!"

"ನೀನು ಕಿಟಕಿಗೆ ಓಡೋದನ್ನ ನಿಲ್ಸು, ನಾನೂ ನಿಲ್ಸ್ತೀನಿ."

ಆಗ ಬಂದವನು ಕ್ಯಾಪ್ಟನ್ ವಿನ್‌ಸ್ಟೆಡ್.

ತಾನು ಸರಕು ಹಡಗಿನ ಕ್ಯಾಪ್ಟನ್, ಈಗ ಸಮುದ್ರದ ಮೇಲಿದ್ದೇನೆ ಅಂತ ಅವನು ಬರೆದ. ಹಡಗಿನಲ್ಲಿ ಫೋನು ಸರಿಯಾಗಿ ಸಿಗುವುದಿಲ್ಲ, ಬರೆದೇ ಮಾತಾಡೋಣ. ತಂದೆಯ ಹುಟ್ಟುಹಬ್ಬಕ್ಕೆ ಈ ಪಿಕಪ್ಪನ್ನು ಉಡುಗೊರೆ ಕೊಡಬೇಕು. ಚೌಕಾಸಿ ಇಲ್ಲ, ಪೂರ್ತಿ ಬೆಲೆ ಕೊಡುತ್ತೇನೆ. ಬಂದು ನೋಡುವ ಅಗತ್ಯವೂ ಇಲ್ಲ, ನಿಮ್ಮ ಮಾತಿನಲ್ಲಿ ನನಗೆ ನಂಬಿಕೆ ಬಂದಿದೆ. ದೇವರು ನಿಮ್ಮ ಕುಟುಂಬವನ್ನು ಚೆನ್ನಾಗಿಟ್ಟಿರಲಿ. ಜಾಹೀರಾತನ್ನು ಇವತ್ತೇ ತೆಗೆದುಬಿಡಿ.

ಆರ್ಲಿಸ್ ಅದನ್ನು ಗಂಡನಿಗೆ ಗಟ್ಟಿಯಾಗಿ ಓದಿ ಹೇಳಿದಳು. ಲೀಲಂಡ್ ಕುರ್ಚಿಯಲ್ಲೇ ನೆಟ್ಟಗಾದ.

"ನೋಡು! ಮನುಷ್ಯ ಅಂದ್ರೆ ಇವನು. ಉಳಿದೋರ ಥರ ಮುಳ್ಳು ಯಾಕೆ ಸುಳ್ಳು ಹೇಳುತ್ತೆ, ಬಾಗಿಲು ಯಾಕೆ ಎತ್ಬೇಕು ಅಂತ ತಲೆ ತಿನ್ನಲ್ಲ."

"ಚಿತ್ರ ನೋಡಿ ಗಾಡಿ ತಗೊಳ್ಳೋನು ಯಾವನಿದ್ದಾನೆ ಅಂತ ಕೇಳ್ತಿದ್ದೆಯಲ್ಲ?"

"ಹಡಗಿನ ಕ್ಯಾಪ್ಟನ್ ಇದ್ದಾನೆ! ನನಗೇನು ಗೊತ್ತಿತ್ತು?"

ಆರ್ಲಿಸ್ ಮನೆಯ ವಿಳಾಸ ಕಳಿಸಿದಳು. ಬ್ಯಾಂಕಿನವರೇ ಬರೆದುಕೊಡುವಂಥ ಚೆಕ್ಕು ಕೊರಿಯರಿನಲ್ಲಿ ಬಂತು. ದಪ್ಪ ಕಾಗದ, ಮೇಲೆ ಒರೆಗಾನ್ ರಾಜ್ಯದ ಯಾವುದೋ ಬ್ಯಾಂಕಿನ ಮುದ್ರೆ. ಆದರೆ ಮೊತ್ತ ಹೇಳಿದ ಬೆಲೆಗಿಂತ ಹೆಚ್ಚಿತ್ತು. ಕ್ಯಾಪ್ಟನ್ ಅದಕ್ಕೂ ಉತ್ತರ ಕೊಟ್ಟ: 'ಹೆಚ್ಚಿಗೆ ಇರುವುದು ಗಾಡಿ ಸಾಗಿಸುವವನ ಹಣ. ಅವನು ಚೆಕ್ ತೆಗೆದುಕೊಳ್ಳುವುದಿಲ್ಲ. ದಯವಿಟ್ಟು ನೀವೇ ನಿಮ್ಮ ಫೋನಿನಿಂದ ಅವನಿಗೆ ಕಳಿಸಿಬಿಡಿ. ಅದು ಸೇರಿದ ಕೂಡಲೇ ಅವನು ಲಾರಿ ತರುತ್ತಾನೆ.'

ಆರ್ಲಿಸ್ ಚೆಕ್ಕನ್ನು ಬ್ಯಾಂಕಿಗೆ ಹಾಕಿದಳು. ಮರುದಿನ ನೋಡಿದರೆ ಖಾತೆಯಲ್ಲಿ ಹಣ ಕಾಣುತ್ತಿತ್ತು! ಅವಳು ಕೂಡಲೇ ಸ್ಯೂವರ್ಡಿಗೆ ಫೋನು ಮಾಡಿ ವ್ಯಾನನ್ನು ಇಟ್ಟಿರಲು ಹೇಳಿದಳು. ಆಮೇಲೆ ಎದುರುಮನೆಗೆ ಓಡಿ ವಾಂಡಾಳಿಗೆ ಸುದ್ದಿ ಹೇಳಿದಳು.

ವಾಂಡಾ ನಗಲಿಲ್ಲ. ಒಲೆ ಆರಿಸಿ, ಕೋಟು ಹಾಕಿಕೊಂಡು ಆರ್ಲಿಸಳ ಜೊತೆಯಲ್ಲೇ ಬಂದಳು.

"ಸಾಗಿಸೋನಿಗೆ ಹಣ ಕಳಿಸಿದ್ಯಾ?"

"ಇನ್ನೂ ಇಲ್ಲ. ಈಗ ಕಳಿಸ್ಬೇಕು."

"ಕಳಿಸ್ಬೇಡ."

ಲೀಲಂಡನಿಗೆ ರೇಗಿತು. "ಯಾಕೆ ಕಳಿಸ್ಬಾರ್ದು? ಹಣ ಖಾತೇಲಿದೆ! ನಿನ್ನ ಕುದುರೆ ಗಾಡಿ ಹೋಯ್ತು ಅಂತ ಪ್ರಪಂಚದಲ್ಲಿ ಎಲ್ಲರೂ ಕಳ್ಳರಾ?"

"ಲೀಲಂಡ್, ನನಗೂ ಖಾತೇಲಿ ಹಣ ಕಂಡಿತ್ತು. ಚೆಕ್ ಹಾಕಿದ ಕೂಡ್ಲೆ ನಮ್ಮ ಬ್ಯಾಂಕಿನವರು ಹಣ ತೋರಿಸ್ತಾರೆ, ತೆಗೆಯೋಕೂ ಬಿಡ್ತಾರೆ. ಹಾಗಂತ ಆ ಬ್ಯಾಂಕಿನಿಂದ ಹಣ ಬಂದು ಸೇರಿದೆ ಅಂತಲ್ಲ. ಚೆಕ್ ಸುಳ್ಳು ಅಂತ ವಾಪಸ್ ಬರೋಕೆ ವಾರಗಟ್ಟಲೆ ಹಿಡೀಬಹುದು. ಬಂದಾಗ ತೋರಿಸಿದ್ದನ್ನೆಲ್ಲ ವಾಪಸ್ ತಗೋತಾರೆ. ನೀವು ಸಾಗಿಸೋನಿಗೆ ಕಳಿಸಿದ್ದು ಮಾತ್ರ ನಿಮ್ಮ ಸ್ವಂತ ಹಣ. ಅದು ಹೋದದ್ದು ಹೋದ ಹಾಗೇ."

"ಹಾಗಾದ್ರೆ ಹೆಚ್ಚಿಗೆ ಯಾಕೆ ಕೊಟ್ಟ?"

"ಅದನ್ನೇ ನಾನೂ ಕೇಳ್ತಿರೋದು. ನೋಡೇ ಇರದ ಮನುಷ್ಯನಿಗೆ ಯಾರಾದ್ರೂ ಹೆಚ್ಚಿಗೆ ಹಣ ಕೊಟ್ಟು, ಉಳಿದದ್ದನ್ನ ಇನ್ನೊಬ್ಬನಿಗೆ ಕೊಡು ಅಂತಾರಾ? ಅವನಿಗೆ ನಿನ್ನ ಪಿಕಪ್ ಬೇಡ. ಆ ಸಾಗಿಸೋ ಹಣ ಅಂತ ನೀನು ಕಳಿಸ್ತೀಯಲ್ಲ, ಅದು ಬೇಕು."

ಅಷ್ಟರಲ್ಲಿ ಫೋನು ಟಿಣ್ ಅಂದಿತು. ಕ್ಯಾಪ್ಟನ್. 'ಹಣ ಕಳಿಸಿದಿರಾ?' ಮತ್ತೆ ಟಿಣ್. 'ಸಾಗಿಸುವವನು ಕಾಯುತ್ತಿದ್ದಾನೆ.' ಮತ್ತೆ. 'ಇವತ್ತೇ ಆಗಬೇಕು.' ಆರ್ಲಿಸ್ ಫೋನನ್ನು ಮೇಜಿನ ಮೇಲಿಟ್ಟಳು, ಎತ್ತಿಕೊಂಡಳು, ಮತ್ತೆ ಇಟ್ಟಳು. ಹೊರಗೆ ಪಿಕಪ್, ಒಳಗೆ ಗಂಡನ ಕುರ್ಚಿ. ಸ್ಯೂವರ್ಡಿನಲ್ಲಿ ವ್ಯಾನು.

"ವಾಂಡಾ, ನೀನು ತಪ್ಪಾಗಿದ್ರೆ? ಅವನು ಒಳ್ಳೆಯವನೇ ಆಗಿದ್ರೆ? ಹಿಮ ಬೀಳೋಕೆ ಮುಂಚೆ ಇನ್ನೊಬ್ಬ ಸಿಗ್ತಾನಾ?"

ಲೀಲಂಡ್ ಮೇಜು ಕುಟ್ಟಿದ. "ಒಂದು ಕೆಲ್ಸ ಮಾಡೋಣ. ನೀವಿಬ್ರೂ ಬಾಯಿ ಮುಚ್ಚಿ. ಆರ್ಲಿಸ್, ನಾನು ಹೇಳಿದ ಹಾಗೆ ಬರಿ. ಗಾಡಿ ಆಸೆ ಇರೋನಾದ್ರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ. ಆಮೇಲೆ ವಾಂಡಾ ನನ್ನ ಕ್ಷಮೆ ಕೇಳ್ಬೇಕು."

"ಕೇಳ್ತೀನಿ. ಬರಿ."

ಲೀಲಂಡ್ ಹೇಳಿದ, ಆರ್ಲಿಸ್ ಬರೆದಳು: 'ಕ್ಯಾಪ್ಟನ್, ಕಳಿಸುವ ಮುಂಚೆ ಒಂದು ಮಾತು. ಪಿಕಪ್ಪಿನ ನಾಲ್ಕೂ ಬಾಗಿಲುಗಳಿಗೆ ಹೊಸ ರಬ್ಬರು ಹಾಕಿದ್ದೇನೆ. ನಿಮ್ಮ ತಂದೆಗೆ ಇಷ್ಟವಾಗುತ್ತದಲ್ಲವೇ?'

ಆ ಪಿಕಪ್ಪಿಗೆ ಇರುವುದು ಎರಡೇ ಬಾಗಿಲು. ಆ ಕಾಲದ ಅಂಥ ಗಾಡಿ ಬೇಕು ಅನ್ನುವ ಯಾರಿಗಾದರೂ ಅದು ಗೊತ್ತು. ಚಿತ್ರ ನೋಡಿದವರಿಗೂ ಗೊತ್ತು.

ಮೂವರೂ ಫೋನನ್ನೇ ನೋಡುತ್ತ ಕೂತರು. ಉತ್ತರ ಬಂತು.

'ನಾಲ್ಕೂ ಬಾಗಿಲುಗಳು ಚೆನ್ನಾಗಿರುವುದು ಬಹಳ ಸಂತೋಷ. ತಂದೆಗೆ ತುಂಬಾ ಇಷ್ಟವಾಗುತ್ತದೆ. ಹಣ ಕಳಿಸಿದಿರಾ?'

ಲೀಲಂಡ್ ಫೋನನ್ನು ತನ್ನ ಬಲಗೈಯಿಂದ ಹತ್ತಿರ ಎಳೆದುಕೊಂಡು ಇನ್ನೊಮ್ಮೆ ಓದಿದ. ಅವನ ಮುಖ ಕೆಂಪಾಯಿತು.

"ನಾಲ್ಕು ಬಾಗಿಲಂತೆ" ಅಂದ ಮೆಲ್ಲಗೆ. "ಸೂ... ಹಡಗಲ್ಲ, ಇವನು ದೋಣೀನೂ ನೋಡಿಲ್ಲ."

ವಾಂಡಾ ಮುಂದಿನದನ್ನು ಹೇಳಿದಳು. ಚೆಕ್ಕಿನ ಮೇಲೆ ಅಚ್ಚಾಗಿದ್ದ ನಂಬರಿಗೆ ಫೋನು ಮಾಡಬಾರದು, ಅಲ್ಲಿ ಎತ್ತುವವರು ಅವನ ಕಡೆಯವರೇ ಇರಬಹುದು. ಆ ಬ್ಯಾಂಕಿನ ನಿಜವಾದ ನಂಬರನ್ನು ನಾವೇ ಹುಡುಕಬೇಕು. ಹುಡುಕಿ ಫೋನು ಮಾಡಿದರು. ಆ ಕಡೆಯ ಹೆಂಗಸು ಚೆಕ್ಕಿನ ಸಂಖ್ಯೆ ಕೇಳಿ, ತಮ್ಮ ಲೆಕ್ಕದಲ್ಲಿ ಹುಡುಕಿ, "ಇಂಥ ಚೆಕ್ಕನ್ನು ನಾವು ಕೊಟ್ಟೇ ಇಲ್ಲಮ್ಮ" ಅಂದಳು.

ಆರ್ಲಿಸ್ ತನ್ನ ಬ್ಯಾಂಕಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಖಾತೆಯಲ್ಲಿ ಕಾಣುತ್ತಿದ್ದ ಆ ಹಣವನ್ನು ಮುಟ್ಟಲಿಲ್ಲ. ಶೆರಿಫ್ ಕಚೇರಿಯಲ್ಲಿ, ಅಂದರೆ ನಮ್ಮ ಕಡೆಯ ಪೊಲೀಸ್ ಠಾಣೆಯಲ್ಲಿ, ದೂರು ಕೊಟ್ಟಳು. ಕ್ಯಾಪ್ಟನ್ ಸುಮ್ಮನಾಗಲಿಲ್ಲ. ಮೊದಲು ಗೋಗರೆದ. ಆಮೇಲೆ ಬೆದರಿಸಿದ: ನೀವು ನನ್ನ ಹಣ ನುಂಗಿದ್ದೀರಿ, ನನ್ನ ವಕೀಲರು ಬರುತ್ತಾರೆ, ನಿಮ್ಮ ಮನೆ ಎಲ್ಲಿದೆ ಅಂತ ನನಗೆ ಗೊತ್ತು. ಚೆಕ್ಕಿಗಾಗಿ ಅವನಿಗೆ ವಿಳಾಸ ಕಳಿಸಿದ್ದು ಆರ್ಲಿಸಳಿಗೆ ನೆನಪಾಯಿತು. ಹಗಲಲ್ಲೇ ಬಾಗಿಲಿಗೆ ಚಿಲಕ ಹಾಕಿದಳು. ಬೀದಿಯಲ್ಲಿ ಲಾರಿಯ ಸದ್ದಾದರೆ ಪರದೆ ಸರಿಸಿ ನೋಡುವಳು.

"ಅವನು ಬರಲ್ಲ" ಅಂದಳು ವಾಂಡಾ. "ಉತ್ತರ ಕೊಡ್ಬೇಡ. ಬರೆದದ್ದನ್ನ ಅಳಿಸ್ಬೇಡ. ಎಲ್ಲಾನೂ ಶೆರಿಫ್ ಕಚೇರಿಗೆ ಕೊಟ್ಟು ಅವನನ್ನ ಬ್ಲಾಕ್ ಮಾಡು."

ಹಾಗೇ ಮಾಡಿದಳು. ಟಿಣ್ ಟಿಣ್ ನಿಂತಿತು. ಆದರೆ ಸ್ಯೂವರ್ಡಿನ ವ್ಯಾನನ್ನು ಬೇರೆಯವರು ಕೊಂಡುಹೋದರು.

ಆ ವಾರ ಆರ್ಲಿಸ್ ಜಾಹೀರಾತಿನ ಕಡೆ ತಿರುಗಿ ನೋಡಲಿಲ್ಲ. ಪಿಕಪ್ಪನ್ನು ಶೆಡ್ಡಿನೊಳಗೆ ಹಾಕಿ ಬಾಗಿಲೆಳೆದಳು. ವ್ಯಾಯಾಮಕ್ಕೆ ಹೋಗುವ ಬೆಳಿಗ್ಗೆ ಮೊದಲ ಇಬ್ಬನಿ ಹೆಪ್ಪುಗಟ್ಟಿತ್ತು. ಕುರ್ಚಿಯಿಂದ ಕಾರಿಗೆ ಎತ್ತುವಾಗ ಅವಳ ಕಾಲು ಜಾರಿತು. ಲೀಲಂಡ್ ಕಾರಿನ ಬಾಗಿಲನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದದ್ದರಿಂದ ಇಬ್ಬರೂ ಉಳಿದರು. ಇಬ್ಬರಿಗೂ ಏದುಸಿರು.

"ಆರ್ಲಿಸ್" ಅಂದ ಅವನು, ಇನ್ನೂ ಬಾಗಿಲು ಹಿಡಿದೇ. "ಆ ಜಾಹೀರಾತು ಮತ್ತೆ ಹಾಕು. ವಾಂಡಾನ ಕೇಳಿ ಹಾಕು. ನಾನು ಮಧ್ಯೆ ಬಾಯಿ ಹಾಕಲ್ಲ."

"ನೀನಾ? ಬಾಯಿ ಹಾಕಲ್ವಾ?"

"ಹಾಕ್ತೀನಿ. ಆದ್ರೆ ಕೇಳ್ತೀನಿ."

ಎರಡನೆಯ ಸಲ ಬಂದವನು ಗ್ರ್ಯಾಂಡ್ ಐಲೆಂಡ್ ಊರಿನ ಒರ್ಲಾಂಡೊ ಬಾಕಾ, ಬೆಸುಗೆ ಕೆಲಸದವನು. ಅವನು ಬರೆಯಲಿಲ್ಲ, ಮಾತಾಡಬೇಕು ಅಂದ. ಮಾತಾಡಿದರೆ ಬರೀ ಪ್ರಶ್ನೆಗಳು. ಚಾಸಿಸಿನಲ್ಲಿ ಬಿರುಕಿದೆಯಾ? ಎಂಜಿನ್ ಬಿಸಿಯಾದ ಮೇಲೆ ಎಣ್ಣೆಯ ಒತ್ತಡ ಎಷ್ಟು ನಿಲ್ಲುತ್ತೆ? ಹಲಗೆಗೆ ಯಾವ ಎಣ್ಣೆ ಕುಡಿಸಿದ್ದೀರಿ? ಆ ಎಡ ಬಾಗಿಲು ಕೀಲಿನಿಂದ ಇಳಿದಿದೆಯೋ, ಕಂಬವೇ ಬಾಗಿದೆಯೋ? ಆರ್ಲಿಸ್ ಉತ್ತರ ಹೇಳುತ್ತ ಹೇಳುತ್ತ ಸ್ಟೂಲಿನ ಮೇಲೆ ಕೂತಳು. ಬಹಳ ದಿನಗಳ ಮೇಲೆ ಅವಳು ಒಂದೇ ಕಡೆ ಕೂತಿದ್ದನ್ನು ಲೀಲಂಡ್ ನೋಡಿದ.

ಮನೆಗೆ ಬರಲು ಹೇಳಲಿಲ್ಲ. ಶೆರಿಫ್ ಕಚೇರಿಯ ಮುಂದಿನ ಬಯಲಿನಲ್ಲಿ, ಹಾಡುಹಗಲಲ್ಲಿ ಭೇಟಿ. ಆರ್ಲಿಸ್ ಪಿಕಪ್ಪನ್ನು ಅಲ್ಲಿಗೆ ಓಡಿಸಿಕೊಂಡು ಹೋದಳು. ವಾಂಡಾ ತನ್ನ ಕಾರಿನಲ್ಲಿ ಲೀಲಂಡನನ್ನು ಕರೆತಂದಳು. ಒರ್ಲಾಂಡೊ ಹೆಂಡತಿಯ ಜೊತೆ ಬಂದಿದ್ದ. ನಮಸ್ಕಾರ ಹೇಳಿದವನೇ ಒಂದು ಹಳೇ ಕಂಬಳಿ ಹಾಸಿ ಪಿಕಪ್ಪಿನ ಕೆಳಗೆ ನುಸುಳಿದ. ಬಹಳ ಹೊತ್ತು ಅವನ ಬೂಟುಗಳಷ್ಟೇ ಕಾಣುತ್ತಿದ್ದವು.

"ಅಮ್ಮಾ, ಈ ಬೆಸುಗೆ ಯಾರು ಹಾಕಿದ್ದು?" ಕೆಳಗಿಂದ ಕೇಳಿದ.

"ನಾನೇ."

ಅವನು ತಲೆ ಹೊರಗೆ ಹಾಕಿದ. "ನನ್ನ ಅಂಗಡೀಲಿ ಕೆಲ್ಸ ಕೊಡ್ತೀನಿ, ಬರ್ತೀರಾ?"

"ನನ್ನ ಹೆಂಡ್ತೀನ ಕೆಲ್ಸಕ್ಕೆ ತಗೊಂಡು ಬೆಲೆ ಇಳಿಸ್ಬೇಡ" ಅಂತ ಲೀಲಂಡ್ ಕಾರಿನ ಕಿಟಕಿಯಿಂದ ಕೂಗಿದ.

ಓಡಿಸಿ ನೋಡುವ ಮುಂಚೆ ವಾಂಡಾ ಅವನ ಲೈಸೆನ್ಸಿನ ಚಿತ್ರ ತೆಗೆದುಕೊಂಡಳು, ಅವನ ಸ್ವಂತ ಗಾಡಿಯ ಕೀಲಿಯನ್ನು ಇಸಿದುಕೊಂಡಳು. ಅವನು ಬೇಸರ ಮಾಡಿಕೊಳ್ಳಲಿಲ್ಲ. "ನಮ್ಮಮ್ಮನೂ ಹೀಗೇ ಮಾಡ್ಲಿ ಅಂತೀನಿ" ಅಂದ. ಆರ್ಲಿಸ್ ಪಕ್ಕದಲ್ಲಿ ಕೂತಳು. ವಾಪಸ್ ಬಂದಾಗ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಒಬ್ಬರ ಮಾತು ಇನ್ನೊಬ್ಬರು ಕೇಳುತ್ತಿರಲಿಲ್ಲ.

ಚೌಕಾಸಿ ಜೋರಾಗಿಯೇ ನಡೆಯಿತು. ಲಪ್ಪಕ್ಕೆ ಇಷ್ಟು, ಬಾಗಿಲಿಗೆ ಇಷ್ಟು ಅಂತ ಅವನು ಇಳಿಸಿದ. "ಅದೆಲ್ಲ ಮೊದಲೇ ಬರ್ದಿದ್ನಲ್ಲ, ಬೆಲೆ ಹೇಳುವಾಗ್ಲೇ ಕಳೆದಿದ್ದೀನಿ" ಅಂತ ಆರ್ಲಿಸ್ ಏರಿಸಿದಳು. ಕೊನೆಗೆ ಅವಳ ಬೆಲೆಗೆ ಹತ್ತಿರದಲ್ಲೇ ಕೈ ಕೂಡಿತು.

ಚೆಕ್ ಕೊಡುತ್ತೇನೆ ಅಂದಾಗ ಆರ್ಲಿಸಳ ಮುಖ ಬಿಗಿಯಾದದ್ದನ್ನು ಅವನು ಗಮನಿಸಿದ. "ನಮ್ಮ ಬ್ಯಾಂಕಿಗೆ ನೀವೇ ಬನ್ನಿ ಅಮ್ಮಾ. ನಿಮ್ಮ ಕಣ್ಣೆದುರಿಗೇ ಬರೆಸ್ತೀನಿ" ಅಂದ. ಎಲ್ಲರೂ ಅವನ ಬ್ಯಾಂಕಿನ ಶಾಖೆಗೆ ಹೋದರು. ಕೌಂಟರಿನ ಹಿಂದಿದ್ದ ಹುಡುಗಿ ಅವನ ಖಾತೆಯಿಂದ ಹಣ ತೆಗೆದು ಆರ್ಲಿಸಳ ಹೆಸರಿಗೆ ಚೆಕ್ ಬರೆದು ಅವಳ ಕೈಗೇ ಕೊಟ್ಟಳು. ಆಗ ಆರ್ಲಿಸ್ ಗಾಡಿಯ ಮಾಲೀಕತ್ವದ ಪತ್ರಕ್ಕೆ ರುಜು ಹಾಕಿದಳು, ಅದಕ್ಕಿಂತ ಒಂದು ಕ್ಷಣ ಮುಂಚೆ ಅಲ್ಲ. ಮಾರಾಟದ ಕಾಗದವನ್ನು ಎರಡು ಪ್ರತಿ ಮಾಡಿ ಇಬ್ಬರೂ ರುಜು ಹಾಕಿ ಒಂದೊಂದು ಇಟ್ಟುಕೊಂಡರು. ಹೊರಗೆ ಬಂದು ವಾಂಡಾ ತಾನೇ ಸ್ಕ್ರೂಡ್ರೈವರ್ ಹಿಡಿದು ನಂಬರ್ ಪ್ಲೇಟು ಬಿಚ್ಚಿದಳು; ನಮ್ಮಲ್ಲಿ ಅದು ಮಾರಿದವರ ಹತ್ತಿರವೇ ಉಳಿಯಬೇಕು. ಒರ್ಲಾಂಡೊ ಪಿಕಪ್ಪನ್ನು ತನ್ನ ಗಾಡಿಯ ಹಿಂದಿನ ಟ್ರೈಲರಿಗೆ ಹತ್ತಿಸಿ ಕಟ್ಟಿದ.

ಕಟ್ಟುವಾಗ ಆರ್ಲಿಸ್ ಹತ್ತಿರ ಹೋಗಿ ಎಡ ಬಾಗಿಲನ್ನು ಎತ್ತಿ ಮುಚ್ಚಿದಳು. ಟ್ರೈಲರು ತಿರುವು ದಾಟುವವರೆಗೆ ನೋಡಿ, ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡು, "ನಡಿ, ಅಂಗಡಿ ಮುಚ್ಚೋ ಮುಂಚೆ ಸ್ಯೂವರ್ಡಿಗೆ ಫೋನ್ ಮಾಡಿ ಬೇರೆ ವ್ಯಾನಿದೆಯಾ ಕೇಳ್ಬೇಕು" ಅಂದಳು.

ಹಿಮ ಬೀಳುವ ಮುಂಚೆ ಇನ್ನೊಂದು ವ್ಯಾನು ಸಿಕ್ಕಿತು, ಲಿಂಕನ್ ನಗರದಲ್ಲಿ. ಈ ಸಲ ಕೊಳ್ಳುವವರು ಇವರು. ಲೀಲಂಡ್ ಅಲ್ಲಿ ಮಾಡಿದ ಗಲಾಟೆಯನ್ನು ವಾಂಡಾ ಈಗಲೂ ಹೇಳಿ ನಗುತ್ತಾಳೆ. ಇಳಿಜಾರು ಹಲಗೆಯನ್ನು ಇಳಿಸಿ ಏರಿಸಿ, ಇಳಿಸಿ ಏರಿಸಿ, ಮಾರುವವನು ಬೆವರುವಂತೆ ಮಾಡಿದ. ಹೆಂಡತಿಯನ್ನು ಗಾಡಿಯ ಕೆಳಗೆ ನುಗ್ಗಿಸಿದ. ಕಾಗದದ ಮೇಲಿನ ಸಂಖ್ಯೆಯೂ ಗಾಡಿಯ ಮೇಲಿನ ಸಂಖ್ಯೆಯೂ ಒಂದೇನಾ ಅಂತ ಜೋರಾಗಿ ಓದಿಸಿದ. ಆಮೇಲೆ ಕುರ್ಚಿಯನ್ನು ತಾನೇ ತಳ್ಳಿಕೊಂಡು ಒಳಗೆ ಹೋಗಿ, "ಯಾರೂ ನನ್ನನ್ನ ಎತ್ಬೇಡಿ" ಅಂದ.

ಕಳೆದ ಭಾನುವಾರ ಚರ್ಚಿನ ಊಟದಲ್ಲಿ ಒಬ್ಬರು ತಮ್ಮ ಹಳೇ ಟ್ರ್ಯಾಕ್ಟರನ್ನು ದೂರದ ವೈದ್ಯರೊಬ್ಬರು ನೋಡದೆಯೇ ಕೊಳ್ಳುತ್ತಿದ್ದಾರೆ, ಪೂರ್ತಿ ಬೆಲೆಗೆ, ಅಂತ ಸಂಭ್ರಮದಿಂದ ಹೇಳುತ್ತಿದ್ದರು. ಲೀಲಂಡ್ ಕುರ್ಚಿ ಉರುಳಿಸಿಕೊಂಡು ಅವರ ಮೇಜಿಗೇ ಹೋದ. "ಏನಪ್ಪಾ, ಸ್ವಲ್ಪ ಹೆಚ್ಚಿಗೆ ಕಳಿಸ್ತೀನಿ ಅಂದ್ನಾ?" ಅಂತ ಕೇಳಿದ. ಅವರ ಕೈಯ ಚಮಚ ಅಲ್ಲೇ ನಿಂತಿತು.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲೂ ಹಳೇ ಸ್ಕೂಟರೋ, ಹೊಲಿಗೆ ಯಂತ್ರವೋ, ಎಮ್ಮೆಯೋ, ಮಂಚವೋ ಮಾರುವುದಿರಬಹುದು. ಮಾರಿ. ಫೋನಿನಲ್ಲೇ ಮಾರಿ, ಹೆದರಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಕೊರತೆಯನ್ನೂ ಬರೆಯಿರಿ. ಮನೆಯ ಕಷ್ಟವನ್ನು ಬರೆಯಬೇಡಿ. ಓಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಕೊಡಬೇಕಾದವನು ನೀವೇ ಹಣ ಕಳಿಸಿ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ, ಅವನು ಕ್ಯಾಪ್ಟನ್ ಆಗಿರಲಿ, ಸೈನ್ಯದವನಾಗಿರಲಿ. ಹಣ ನಿಜವಾಗಿ ಬಂದಿದೆ ಅಂತ ನಿಮ್ಮ ಬ್ಯಾಂಕಿನವರ ಬಾಯಿಂದ ಕೇಳುವವರೆಗೆ ವಸ್ತುವನ್ನೂ ಕೊಡಬೇಡಿ, ಕಾಗದಕ್ಕೆ ರುಜುವನ್ನೂ ಹಾಕಬೇಡಿ. ಒಬ್ಬರೇ ಹೋಗಬೇಡಿ, ಹಗಲಲ್ಲಿ ನಾಲ್ಕು ಜನ ಇರುವ ಕಡೆ ಕರೆಯಿರಿ. ಮೋಸ ಹೋಗಿದ್ದರೆ ನಾಚಬೇಡಿ, ಆ ಕೂಡಲೇ ಬ್ಯಾಂಕಿಗೂ ಪೊಲೀಸರಿಗೂ ಹೇಳಿ. ತಡವಾದಷ್ಟೂ ಅವನಿಗೇ ಲಾಭ.

ಇನ್ನೊಂದು ಮಾತು. ನಿಮ್ಮ ಬೀದಿಯಲ್ಲಿ ಯಾರಾದರೂ ಫೋನು ಹಿಡಿದು ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದರೆ ನೋಡಿಕೊಂಡು ಸುಮ್ಮನಿರಬೇಡಿ. ಒಲೆ ಆರಿಸಿ, ಅವರ ಮನೆಗೆ ಹೋಗಿ, ಪಕ್ಕದಲ್ಲಿ ಕೂತು ಕೇಳಿ: "ಯಾರು ಬರೆದಿರೋದು? ನನಗೂ ಸ್ವಲ್ಪ ತೋರಿಸು."